ಬಿಳಿ ಹುಬ್ಬಿನ ಕಡಲಹಕ್ಕಿ

ಬಣಕಲ್ಲಿನ ಬಸ್‌ಸ್ಟ್ಯಾಂಡ್ ಎದುರು ನಿಂಗಯ್ಯನ ಕಟಿಂಗ್ ಶಾಪ್ ಇತ್ತು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ನನ್ನಂಥ ರೈಟರಿಗೆ ಅಲ್ಲಿ ಹೋಗಿ ಕೂರದಿದ್ದರೆ ಅದು ಭಾನುವಾರವೇ ಅಲ್ಲ. ಆದರೆ ಆ ಮನುಷ್ಯನ ಬಾಯಿಗೆ ಸುಳ್ಳು ಮಾತ್ರ ಬರುತ್ತಿರಲಿಲ್ಲ. "ಹಣೆ ಹಿಂದಕ್ಕೆ ಹೊರಟದೆ, ಇನ್ನು ಬಾಚಣಿಗೆಗೆ ದುಡ್ಡು ಹಾಕ್ಬೇಡಿ" ಎಂದು ನಮ್ಮ ಸಾಹುಕಾರರ ಮುಖಕ್ಕೇ ಹೇಳಿ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡ ಮಹಾನುಭಾವ ಅವನು.

ತೊಂಬತ್ನಾಲ್ಕರ ಮಳೆಗಾಲದ ಗಾಳಿ ಒಂದು ಕಡಲಹಕ್ಕಿಯನ್ನು ಘಟ್ಟ ಹತ್ತಿಸಿ ತಂದು ಅವನ ಅಂಗಡಿಯ ಹಿಂದೆ ಕೆಡವಿತು. ಕಪ್ಪು ತಲೆ, ಬಿಳಿ ಎದೆ, ಕತ್ತರಿಯಂಥ ಬಾಲ. ಅವನ ಹೆಂಡತಿ ಶಿವಗಂಗಮ್ಮ ಅದನ್ನು ಒಲೆಯ ಪಕ್ಕ ಬುಟ್ಟಿಯಲ್ಲಿಟ್ಟು, ಹೊಳೆಯ ಸಣ್ಣ ಮೀನು ತಿನ್ನಿಸಿ ಬದುಕಿಸಿದಳು. ಮಳೆ ಬಿಟ್ಟು ಹೊಳವಾದ ದಿನ ಅದು ಚಾರ್ಮಾಡಿ ಘಾಟಿಯ ಕಡೆಗೆ ಹಾರಿಹೋಯಿತು. ಅಲ್ಲಿಂದ ಅವಳಿಗೆ ಒಂದೇ ಕೊರಗು, ಅದು ಕಡಲು ಮುಟ್ಟಿತೋ ಇಲ್ಲವೋ ಎಂದು. ಮಂಗಳೂರಿನಿಂದ ಬರುವ ಮೀನಿನ ಲಾರಿಯವರನ್ನೂ ಬಿಡದೆ ಕೇಳುತ್ತಿದ್ದಳು. ಅವರು ನಗುತ್ತಿದ್ದರು, ಇವಳು ಊಟ ಬಿಡುತ್ತಿದ್ದಳು.

ಮೂರು ವರ್ಷದ ಮೇಲೆ ಅಂಥದೇ ಗಾಳಿಯಲ್ಲಿ ಮತ್ತೊಂದು ಬಂದು ಬಿತ್ತು.

"ಅದೇ ಕಣ್ರೀ! ಬದುಕೇ ಅದೆ, ನೋಡಿ!" ಎಂದು ಶಿವಗಂಗಮ್ಮ ಅತ್ತೇಬಿಟ್ಟಳು.

ನಿಂಗಯ್ಯ ಬಹಳ ಹೊತ್ತು ಹಕ್ಕಿಯ ತಲೆಯನ್ನೇ ನೋಡಿದ. ಆಮೇಲೆ "ಹೂಂ ಕಣೇ, ಅದೇ" ಅಂದ.

ಆ ಭಾನುವಾರ ನನ್ನ ಕೆನ್ನೆಗೆ ಸೋಪು ಹಚ್ಚುತ್ತ ತಾನಾಗಿಯೇ ಬಾಯಿಬಿಟ್ಟ. "ಮೊದಲಿನದಕ್ಕೆ ಹಣೆಯ ಬಿಳಿ ಬಣ್ಣ ಕಣ್ಣು ದಾಟಿ ಹುಬ್ಬಿನಂಗೆ ಹಿಂದಕ್ಕೆ ಹೋಗಿತ್ತು ರೈಟ್ರೇ. ಇದಕ್ಕೆ ಹಣೆಯಲ್ಲೇ ನಿಂತದೆ, ಹುಬ್ಬೇ ಇಲ್ಲ. ಅದರ ಬೆನ್ನು ಬೂದಿ ಮಿಶ್ರ ಕಂದು, ಕತ್ತಿನ ಹಿಂದೆ ಸ್ವಲ್ಪ ಬೆಳ್ಳಗಿತ್ತು. ಇದು ನೆತ್ತಿಯಿಂದ ಬಾಲದವರೆಗೂ ಇದ್ದಿಲು. ಜಾತಿನೇ ಬೇರೆ."

"ಮತ್ತೆ ಅದೇ ಅಂದೆಯಲ್ಲೋ ಮಾರಾಯ?"

"ಅವಳ ಮುಖ ನೋಡಿದ್ರೆ ನೀವೂ ಹಂಗೇ ಹೇಳ್ತಿದ್ರಿ."

ಆ ಹಕ್ಕಿಯೂ ಚೇತರಿಸಿಕೊಂಡು ಹಾರಿಹೋಯಿತು. ಶಿವಗಂಗಮ್ಮ ಮತ್ತೆ ಯಾವ ಲಾರಿಯನ್ನೂ ನಿಲ್ಲಿಸಲಿಲ್ಲ. ನಿಂಗಯ್ಯನಿಗೆ ಅದೇ ದೊಡ್ಡ ಸಮಾಧಾನ.

ಎರಡು ಸಾವಿರದ ಐದರಲ್ಲಿ ನಿಂಗಯ್ಯ ತೀರಿಕೊಂಡ. ಅವನ ಮುಚ್ಚುಮರೆಯಿಲ್ಲದ ಒರಟು ಮಾತು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವನ ಹೆಂಡತಿಯನ್ನು ಮಾತಾಡಿಸಲು ಹೋದವನು ಆ ಎರಡನೇ ಹಕ್ಕಿಯ ಸುದ್ದಿ ತೆಗೆದೆ.

"ಹುಬ್ಬು ಇರ್ಲಿಲ್ಲ ಅಲ್ವಾ?" ಎಂದಳು ಶಿವಗಂಗಮ್ಮ. "ಮೀನು ತಿನ್ನಿಸುವಾಗ ನಂಗೂ ಕಾಣ್ತು. ಜನ್ಮದಲ್ಲಿ ಒಂದು ಸುಳ್ಳು ಹೇಳಿದ್ರು, ಅದೂ ನಂಗೋಸ್ಕರ. ಅದನ್ನ ಹೆಂಗೆ ಬೇಡ ಅನ್ಲಿ? ಆಮೇಲೆ ಲಾರಿಯವರನ್ನ ಕೇಳೋಕೂ ಆಗ್ಲಿಲ್ಲ."

ಆಮೇಲೆ ಎಂಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ನನ್ನನ್ನು ಕೇಳಿದಳು.

"ಮೊದಲಿಂದು ಕಡಲು ಮುಟ್ಟಿರ್ತದಾ ರೈಟ್ರೇ?"