ಹಾರ್‌ಬ್ರೆಕ್ಟರ ಹದಿನಾಲ್ಕು ನೋಟ್‌ಬುಕ್ಕುಗಳು

ಡೆಟ್ರಾಯಿಟ್ ಬಳಿಯ ಸೌತ್‌ಫೀಲ್ಡಿನ ಚಿದಂಬರನಿಗೆ ಜರ್ಮನ್ ಬಂದದ್ದು ತತ್ತ್ವಶಾಸ್ತ್ರದಿಂದಲ್ಲ, ಗೇರ್‌ಬಾಕ್ಸಿನಿಂದ. ಕಂಪನಿ ಅವನನ್ನು ಎರಡು ವರ್ಷ ಜರ್ಮನಿಗೆ ಕಳಿಸಿತ್ತು. ತಿರುಗಿ ಬಂದಮೇಲೆ ಪಕ್ಕದ ಮನೆಯ ಮುದುಕರಾದ ಎಮಿಲ್ ಹಾರ್‌ಬ್ರೆಕ್ಟರ ಜೊತೆ ಅದೇ ಭಾಷೆಯಲ್ಲಿ ಹರಟತೊಡಗಿದ. ನಾಜಿಗಳ ಕಾಲದಲ್ಲಿ ಊರು ಬಿಟ್ಟು ಓಡಿಬಂದ ಆ ದಾರ್ಶನಿಕರು ಡೆಟ್ರಾಯಿಟಿನ ಸಂಜೆ ಕಾಲೇಜೊಂದರಲ್ಲಿ ಪಾಠ ಹೇಳಿ ಮುದುಕರಾಗಿದ್ದರು. ಒಂದು ಪುಸ್ತಕವೂ ಅಚ್ಚಾಗಲಿಲ್ಲ, ಯಾವ ಪಂಡಿತನೂ ಅವರತ್ತ ತಿರುಗಿ ನೋಡಲಿಲ್ಲ. ಸಾಯುವ ಮುನ್ನ ತಮ್ಮ ಹದಿನಾಲ್ಕು ನೋಟ್‌ಬುಕ್ಕುಗಳನ್ನು ಈ ಗದಗಿನ ಎಂಜಿನಿಯರನ ಕೈಗಿಟ್ಟು, ಕಳೆಯಬೇಡ ಎಂದರು.

ಚಿದಂಬರ ಕಳೆಯಲಿಲ್ಲ. ಹತ್ತೊಂಬತ್ತು ವರ್ಷ, ಆಫೀಸಿಗೆ ಹೋಗುವ ಮೊದಲು, ಆ ಕಾಗೆಕಾಲು ಗುಬ್ಬಿಕಾಲು ಅಕ್ಷರ ಬಿಡಿಸಿ ಟೈಪ್ ಮಾಡಿದ. ಕನ್ನಡ ಕೂಟದವರು "ಜರ್ಮನ್ ಶಾಸ್ತ್ರಿಗಳು" ಎಂದು ನಕ್ಕರು. ನಗಲಿ ಬಿಡಿ, ನಕ್ಕವರಲ್ಲಿ ಒಬ್ಬನೂ ಹತ್ತೊಂಬತ್ತು ದಿನ ಒಂದು ಕೆಲಸಕ್ಕೆ ಅಂಟಿಕೊಂಡವನಲ್ಲ.

ಪ್ರತಿ ನವರಾತ್ರಿಯ ಸರಸ್ವತಿ ಪೂಜೆಯಲ್ಲಿ ಮನೆಯ ಪುಸ್ತಕಗಳ ಜೊತೆ ಆ ನೋಟ್‌ಬುಕ್ಕುಗಳೂ ಕೂರುತ್ತಿದ್ದವು. ರಟ್ಟು ಕಳಚಿದ್ದರಿಂದ ಒಂದೊಂದರದೂ ಮೊದಲ ಪುಟವೇ ಮೇಲೆ. ಅಲ್ಲಿ ನೀಲಿ ಶಾಯಿಯಲ್ಲಿ ಹಾರ್‌ಬ್ರೆಕ್ಟರ ಸಹಿ. ಚಿದಂಬರ ಕುಂಕುಮವನ್ನು ನೀರಲ್ಲಿ ಕಲಸಿ, ಗುರುವಿನ ಹೆಸರೆಂಬ ಭಕ್ತಿಯಿಂದ, ನೇರ ಆ ಸಹಿಯ ಮೇಲೇ ಹಚ್ಚುತ್ತಿದ್ದ. ಮೊದಲ ಪುಟಗಳು ಎಂದೋ ಟೈಪಾಗಿದ್ದವು. ಮತ್ತೆ ದಿಟ್ಟಿಸಿ ನೋಡಲಿಲ್ಲ.

ಈ ಸೆಪ್ಟೆಂಬರಿನಲ್ಲಿ ಶಿಕಾಗೋದ ದೊಡ್ಡ ಗ್ರಂಥಾಲಯವೊಂದು ನೋಟ್‌ಬುಕ್ಕುಗಳನ್ನು ನೋಡಲು ಒಪ್ಪಿತು. ಅವರು ತೆಗೆದುಕೊಂಡರೆ ಹಾರ್‌ಬ್ರೆಕ್ಟರ ಹೆಸರು ಉಳಿದಂತೆ. ಇನ್ನೂರೆಂಬತ್ತು ಮೈಲು ಡ್ರೈವ್ ಮಾಡಿಕೊಂಡು ಹೋದ. ಅಲ್ಲಿ ಹಸ್ತಪ್ರತಿ ನೋಡುವವಳು ಲೀನಾ, ಶಿಕಾಗೋ ಬಳಿಯ ಹಾಫ್‌ಮನ್ ಎಸ್ಟೇಟ್ಸಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಮೊದಲ ನೋಟ್‌ಬುಕ್ಕು ತೆಗೆದು ಬೆಳಕಿಗೆ ಹಿಡಿದಳು.

"ಅಂಕಲ್, ಇದು ಕುಂಕುಮನಾ?"

"ಹೌದವಾ. ಪೂಜಾ ಮಾಡೀನಿ."

"ಎಲ್ಲದಕ್ಕೂ?"

"ಎಲ್ಲಾದಕ್ಕೂ. ವರ್ಷಾ ವರ್ಷಾ."

ಅವಳು ಹದಿನಾಲ್ಕನ್ನೂ ತೆಗೆದು ನೋಡಿದಳು. ಸಹಿ ಇದ್ದಲ್ಲೆಲ್ಲ ಶಾಯಿ ಕದಡಿ ಕೆಂಪು ಕಲೆ. ಹಾರ್‌ಬ್ರೆಕ್ಟರ ಕೈಬರಹ ಬೇರೆಲ್ಲೂ ಉಳಿದಿರಲಿಲ್ಲ. ಬರೆದವರು ಯಾರೆಂದು ಹೇಳಲು ಇದ್ದ ಸಾಕ್ಷಿ ಆ ಸಹಿಯೊಂದೇ.

"ಸಾರಿ ಅಂಕಲ್. ಪ್ರೂಫ್ ಇಲ್ದೆ ತಗೊಳ್ಳೋಕಾಗಲ್ಲ. ನೀವೇ ಬರೆದಿದ್ದು ಅಂತನೂ ಯಾರಾದ್ರೂ ಹೇಳ್ಬೋದು."

ನಾಜಿಗಳ ಕೈಲಿ ಅಳಿಸಲಾಗದ ಹೆಸರನ್ನು ಚಿದಂಬರ ತನ್ನ ಉಂಗುರ ಬೆರಳಿನಿಂದ ಅಳಿಸಿದ್ದ.

ಅಕ್ಟೋಬರಿನಲ್ಲಿ ಪೂಜೆಯ ದಿನ ಹೆಂಡತಿ ಸುಚೇತಾ ಕುಂಕುಮದ ಬಟ್ಟಲು ಹಿಡಿದು ಹಿಂಜರಿದಳು. "ಈ ಸಲ ಅವನ್ನ ಇಡೂದು ಬ್ಯಾಡೇನ್ರೀ?"

"ಇಡು. ಹಚ್ಚು," ಎಂದ ಚಿದಂಬರ. "ಇನ್ನ ಕೆಡಸಾಕ ಏನೂ ಉಳದಿಲ್ಲ."