ಜಗ್ಗುವಿನ ಜರ್ಸಿಗೆ ಹಾಕಿದ ಗಂಜಿ

ಅಂಧೇರಿಯಲ್ಲಿ ನಮ್ಮ ಹೋಟೆಲಿನ ಕಬಡ್ಡಿ ಟೀಮು ಮುಳುಗಿದ್ದು ರೆಫ್ರಿಯ ಮೋಸದಿಂದಲ್ಲ, ಜಗ್ಗುವಿನ ದ್ರೋಹದಿಂದಲೂ ಅಲ್ಲ. ನಾನು ಹಾಕಿದ ಗಂಜಿಯಿಂದ. ಅದು ನನಗೇ ಗೊತ್ತಾದದ್ದು ಹೋದ ವರ್ಷ, ದೀಪಾವಳಿ ಕಳೆದ ಭಾನುವಾರ.

ನಮ್ಮವರು ಆ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಟೀಮಿಗೆ ಅವರೇ ಕ್ಯಾಪ್ಟನ್. ಸಪ್ಲಾಯರು, ಅಡಿಗೆಯವರು ಸೇರಿ ಏಳು ಜನ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ಮುಂಚೆ ಹಿಂದಿನ ಖಾಲಿ ಜಾಗದಲ್ಲಿ ಪ್ರಾಕ್ಟೀಸು. ಹೋಟೆಲುಗಳ ಪಂದ್ಯದಲ್ಲಿ ಮೂರು ವರ್ಷ ಕಪ್ ಗೆದ್ದು ತಂದರು. ರೈಡಿಗೆ ಹೋಗುವವನು ಜಗ್ಗು. ಸೋಪಿನ ತುಂಡಿನ ಹಾಗೆ ಕೈಯಿಂದ ಜಾರುತ್ತಿದ್ದ.

ನಾಲ್ಕನೇ ಫೈನಲ್ಲಿನಲ್ಲಿ ಅವನೇ ಮೂರು ಸಲ ಸಿಕ್ಕಿಬಿದ್ದ. ಸೋತರು. ಎದುರಾಳಿ ಟೀಮಿನ ಹೋಟೆಲಿನಲ್ಲಿ ಕ್ಯಾಶಿಯರ್ ಕೆಲಸ ಸಿಗುವ ಆಸೆಗೆ ಬೇಕೆಂದೇ ಸಿಕ್ಕಿದ ಅಂತ ನಮ್ಮವರು ಎಲ್ಲರೆದುರು ಬೈದರು. ಅವನು ಜರ್ಸಿ ಬಿಸಾಡಿ ಹೋದ. ಟೀಮು ಅಲ್ಲಿಗೇ ಮುಗಿಯಿತು. ಮೂವತ್ತು ವರ್ಷ ಇಬ್ಬರಿಗೂ ಮಾತಿಲ್ಲ.

ಹೋದ ವರ್ಷ ಮೊಮ್ಮಗಳು ನಿಶಾ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಟೀಮಿನ ಕತೆ ಬರೆಯಲು ಹೊರಟಳು.

"ಜಗ್ಗು ಮುಳುಗಿಸಿದ ಅಂತ ಹೆಸರು ಹಾಕಿಯೇ ಬರಿ," ಅಂದರು ನಮ್ಮವರು.

"ಅವರ ಸೈಡೂ ಕೇಳ್ಬೇಕಲ್ವಾ ಅಜ್ಜ?" ಅಂದಳು ಅವಳು. ಸಾಂತಾಕ್ರೂಜಿಗೆ ಹೋಗಿ ಅವನನ್ನು ಗೋರೆಗಾಂವಿನ ನಮ್ಮ ಮನೆಗೇ ಕರೆತಂದಳು.

ಬಂದ. ತಲೆ ಬೋಳಾಗಿತ್ತು. ನಮ್ಮವರು ಟಿವಿ ಕಡೆ ಮುಖ ತಿರುಗಿಸಿ ಕೂತರು. ಟಿವಿ ಹಾಕಿರಲೇ ಇಲ್ಲ.

"ನನ್ನ ಹೆಸರು ಹಾಳು ಮಾಡಿ ಅಚ್ಚು ಹಾಕಿಸ್ತೀರಂತೆ ಶೀನಣ್ಣ. ನನ್ನ ಮೊಮ್ಮಕ್ಕಳೂ ಓದ್ತಾರೆ," ಅಂದ ಜಗ್ಗು.

"ಓದಲಿ. ಮೂರು ಸಲ ಹೇಗೆ ಸಿಕ್ಕಿಬಿದ್ದೆ?"

"ನಂಗೆಂತ ಗೊತ್ತು ಮಾರಾಯ್ರೆ! ಬೆವರು ಬಂದ ಮೇಲೆ ಜರ್ಸಿ ಗೋಂದಿನ ಹಾಗೆ ಆಯ್ತು. ಹಿಡಿದವನ ಕೈ ಅಂಟಿಯೇ ಹೋಯ್ತು."

ಚಹಾ ಸೋಸುತ್ತಿದ್ದ ನನ್ನ ಕೈ ನಿಂತಿತು. ಹೋಟೆಲಿನವರ ಯೂನಿಫಾರ್ಮು ಒಗೆದು, ಕುಚ್ಚಲಕ್ಕಿ ಗಂಜಿಯಲ್ಲಿ ಅದ್ದಿ ಇಸ್ತ್ರಿ ಹಾಕುತ್ತಿದ್ದವಳು ನಾನು. ಜರ್ಸಿಗೆ ಗಂಜಿ ಹಾಕುತ್ತಿರಲಿಲ್ಲ. ಆದರೆ ಆ ಫೈನಲ್ಲಿಗೆ ಪೇಪರಿನವರು ಬರುತ್ತಾರೆ ಅಂದಿದ್ದರು. ಫೋಟೋ ತೆಗೆದರೆ ಮೊದಲು ಜಗ್ಗುವಿನದ್ದೇ ಅಂತ, ಅವನ ಜರ್ಸಿಯನ್ನು ಮಾತ್ರ ತಳದ ದಪ್ಪ ಗಂಜಿಯಲ್ಲಿ ಎರಡು ಸಲ ಅದ್ದಿ, ಹಲಗೆಯ ಹಾಗೆ ಮಡಿಸಿಟ್ಟಿದ್ದೆ. ಪಂದ್ಯ ನೋಡಲು ನಾನು ಹೋಗಿರಲಿಲ್ಲ. ಅವನು ಬಿಸಾಡಿದ ಜರ್ಸಿ ಮನೆಗೆ ಬಂದಾಗ ಮಣ್ಣು ಮೆತ್ತಿಕೊಂಡಿತ್ತು. ಮಣ್ಣಿಗೆ ಬೈದು ಒಗೆದಿದ್ದೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಚ್ಚಾಗುವುದು ಅವನ ಹೆಸರು. ಹೇಳಿಬಿಟ್ಟೆ.

"ಕಬಡ್ಡಿ ಜರ್ಸಿಗೆ ಗಂಜಿಯಾ?" ಅಂತ ನಮ್ಮವರು ಎದ್ದು ನಿಂತರು.

"ನಿಮ್ಮ ಪಂಚೆಗೆ ಹಾಕುವಾಗ ಚಂದ ಇತ್ತಲ್ಲ?" ಅಂದೆ.

ಜಗ್ಗು ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತಿಗೇ, ಅದಕ್ಕೇ ಬಗ್ಗಿದರೆ ಕರಕರ ಅಂತಿತ್ತು! ನಾನು ಸೊಂಟವೇ ಹೋಯ್ತು ಅಂದ್ಕೊಂಡೆ!"

"ಅಜ್ಜಿ, ಮಸ್ತ್! ಹೆಡ್ಡಿಂಗ್ ಸಿಕ್ತು," ಅಂದಳು ನಿಶಾ.

ನಮ್ಮವರು ಮತ್ತೆ ಕೂತರು. ಆಮೇಲೆ ಜಗ್ಗುವಿನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಬಾ. ಮೊದಲಿಂದ ಸರಿ ಮಾಡಿ ಬರೆಸುವ," ಅಂದರು. ಅವರ ಬಾಯಲ್ಲಿ ಕ್ಷಮೆ ಅಂದರೆ ಅಷ್ಟೇ. ನಲವತ್ತೈದು ವರ್ಷದ ಸಂಸಾರದಲ್ಲಿ ನನಗೆ ಅಷ್ಟೂ ಸಿಕ್ಕಿಲ್ಲ.

ತಪ್ಪು ನನ್ನದೇ, ಒಪ್ಪಿದೆ. ಆದರೆ ಮೂವತ್ತು ವರ್ಷ ರೆಫ್ರಿಗೆ, ಮೈದಾನಕ್ಕೆ, ಜಗ್ಗುವಿಗೆ ಬೈದವರು ಒಂದು ಸಲ ಬಟ್ಟೆ ಒಗೆದವಳನ್ನೂ ಕೇಳಬಹುದಿತ್ತು.

ಮಾರನೆಯ ಬೆಳಿಗ್ಗೆ ಕುಚ್ಚಲಕ್ಕಿ ಬೇಯಿಸಿದೆ. ಜಗ್ಗು ಏಳಕ್ಕೇ ಬಂದ. ಇಬ್ಬರನ್ನೂ ಎದುರುಬದುರು ಕೂರಿಸಿ, ಬಟ್ಟಲು ತುಂಬ ಬಿಸಿ ಗಂಜಿ ಬಡಿಸಿ, ಮಾವಿನ ಉಪ್ಪಿನಕಾಯಿ ಇಟ್ಟೆ. ಬಟ್ಟೆಗೆ ಅಂತ ಒಂದು ತೊಟ್ಟೂ ಉಳಿಸಲಿಲ್ಲ.