ಊಟದ ಪಟ್ಟಿಯ ಹಿಂಬದಿ

ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಮನೆಯ ಹಾಲ್‌ನಲ್ಲಿ ವಿಮಾನದ ಊಟದ ಪಟ್ಟಿಯೊಂದನ್ನು ಫ್ರೇಮು ಹಾಕಿಸಿ ತೂಗುಹಾಕಿದ್ದಾರೆ. ಐವತ್ತು ವರ್ಷಕ್ಕೂ ಹಿಂದಿನದು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು. ಮನೆಗೆ ಯಾರೇ ಬರಲಿ, ನಮ್ಮ ಯಜಮಾನರು ಅದರ ಕೆಳಗೆ ನಿಂತು ಶುರುಮಾಡುತ್ತಾರೆ. ಆಗ ವಿಮಾನವೆಂದರೆ ಮದುವೆಮನೆಯಂತೆ, ಊಟಕ್ಕೆ ಪಿಂಗಾಣಿ ತಟ್ಟೆಯಂತೆ, ಕಾಲು ಚಾಚಿ ಮಲಗಬಹುದಿತ್ತಂತೆ. ಹೋದ ತಿಂಗಳು ಮೊಮ್ಮಗಳಿಗೆ ಮನೆಯವರು ಅಮೆರಿಕಕ್ಕೆ ಬಂದ ಕತೆಯನ್ನು ಶಾಲೆಯಲ್ಲಿ ಹೇಳಬೇಕಿತ್ತು. ಅವಳು ಬರೆದುಕೊಂಡದ್ದೂ ಇದನ್ನೇ.

"ನಾನು ಬಂದಿದ್ದು ಬರೀಲಿಲ್ವಾ?" ಎಂದೆ.

"ಬರ್ದೆ ಅಜ್ಜಿ. ನೀನು ನೆಕ್ಸ್ಟ್ ಇಯರ್ ಬಂದೆ. ದಟ್ಸ್ ಇಟ್."

ನನಗೆ ಮೈ ಉರಿಯಿತು. ಓದಿದ್ದು ನಾಲ್ಕನೇ ಕ್ಲಾಸಾದರೂ ಅಷ್ಟು ಇಂಗ್ಲಿಷು ನನಗೆ ತಿಳಿಯುತ್ತದೆ.

ಆ ಪಟ್ಟಿ ತಂದವಳು ನಾನು. ಯಜಮಾನರು ಡಾಕ್ಟರಾಗಿ ಮೊದಲೇ ಬಂದು ಕೂತಿದ್ದರು. ನಾನು ಐದು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬಳೇ ಬಂದೆ. ಆ ಕೂಸೇ ಇವಳ ಅಪ್ಪ. ವಿಮಾನ ಕೆಂಪು ಬಸ್ಸಿನ ಹಾಗೆ ಊರೂರಲ್ಲಿ ನಿಲ್ಲುತ್ತಿತ್ತು. ಪಕ್ಕದ ಗಂಡಸರು ಬಿಡುವಿಲ್ಲದೆ ಸಿಗರೇಟು ಸೇದುತ್ತಿದ್ದರು. ಕೂಸಿನ ಮುಖಕ್ಕೆ ಸೆರಗು ಹಿಡಿದು ಹಿಡಿದು ಕೈ ಸೋತಿತು. ಒದ್ದೆ ಬಟ್ಟೆಯನ್ನು ಆ ಗೂಡಿನಂಥ ಕಕ್ಕಸಿನಲ್ಲಿ ಹಿಂಡಿ ನನ್ನ ತೊಡೆಯ ಮೇಲೆ ಒಣಗಿಸಿದೆ. ಪಿಂಗಾಣಿ ತಟ್ಟೆಯೇನೋ ಬಂತು. ಅದರಲ್ಲಿ ಏನಿದೆ ಎಂದು ಕೇಳಲು ನನಗೆ ಭಾಷೆಯಿಲ್ಲ. ವಿಮಾನದ ಹುಡುಗಿ ಆ ಪಟ್ಟಿಯ ಹಿಂದೆ ಪೆನ್ನಿನಲ್ಲಿ ಕೋಳಿ ಬರೆದಳು. ಬೇಡವೆಂದು ತಲೆಯಾಡಿಸಿದೆ. ಮೀನು ಬರೆದಳು, ಹಸು ಬರೆದಳು. ಕೊನೆಗೆ ಬಾಳೆಹಣ್ಣು ಬರೆದಳು. ಎರಡು ದಿನ ಬಾಳೆಹಣ್ಣು, ಬ್ರೆಡ್ಡು. ನ್ಯೂಯಾರ್ಕಿನಲ್ಲಿ ಇಳಿಯುವ ಹೊತ್ತಿಗೆ ನನ್ನ ಎದೆಹಾಲು ಬತ್ತಿತ್ತು.

ಫ್ರೇಮನ್ನು ಗೋಡೆಯಿಂದ ಇಳಿಸಿ ಹಿಂದಿನ ರಟ್ಟು ಕಿತ್ತೆ.

"ಅದ್ಯಾಕೆ ಕೀಳ್ತಿದೀಯ? ಹಾಳಾಗತ್ತೆ," ಎಂದರು ಯಜಮಾನರು.

"ಆಗ್ಲಿ ಬಿಡಿ. ಈ ವಿಮಾನ ನೀವು ಹತ್ತೇ ಇಲ್ಲ."

"ಎಲ್ಲಾ ಒಂದೇ ಥರ ಇರ್ತಿತ್ತು ಕಣೇ."

"ಕೂಸನ್ನ ಎತ್ಕೊಂಡು ಬಂದಿದ್ರೆ ಗೊತ್ತಾಗ್ತಿತ್ತು, ಒಂದೇ ಥರಾನಾ ಅಂತ."

ಅವರು ಕನ್ನಡಕ ಹುಡುಕತೊಡಗಿದರು. ಮೂಗಿನ ಮೇಲೇ ಇತ್ತು.

ಮೊಮ್ಮಗಳು ಚಿತ್ರಗಳನ್ನು ನೋಡಿ, "ಅಜ್ಜಿ, ಈ ಚಿಕನ್ ಸೋ ಫನಿ," ಎಂದಳು.

"ನಗು, ಪರವಾಗಿಲ್ಲ. ನಿಮ್ಮಪ್ಪಂಗೆ ಹಾಲಿರ್ಲಿಲ್ಲ ಅನ್ನೋದನ್ನೂ ಬರ್ಕೋ."

ಅವಳ ನಗು ನಿಂತಿತು. ತಾತನ ಮದುವೆಮನೆಯ ಕತೆಯ ಕೆಳಗೆ ಅದನ್ನೂ ಬರೆದುಕೊಂಡು, ಪಟ್ಟಿಯನ್ನು ತೋರಿಸಲು ಶಾಲೆಗೆ ಒಯ್ದಳು. ಅಷ್ಟು ನನಗೆ ಸಾಲದು. ಪಟ್ಟಿ ಶಾಲೆಯಿಂದ ವಾಪಸು ಬಂದ ದಿನ, ಅದನ್ನು ತಿರುಗಿಸಿ ಫ್ರೇಮಿಗೆ ಸೇರಿಸಿ ನಾನೇ ಮೊಳೆಗೆ ಸಿಕ್ಕಿಸಿದೆ. ಈಗ ಬಂದವರಿಗೆ ಕೋಳಿ, ಮೀನು, ಹಸು ಕಾಣುತ್ತವೆ. ಯಜಮಾನರು ಅದರ ಕೆಳಗೆ ನಿಲ್ಲುವುದನ್ನು ಬಿಟ್ಟಿದ್ದಾರೆ.